ಕೀಳಬೇಡಿ, ನೆನೆಸಿ: ಇಳಕಲ್ಲಿನ ಒಂದು ಉಗುರಂಟಿನ ಪ್ರಕರಣ

ಇಳಕಲ್ಲಿನ ಒಂದು ನೇಕಾರರ ಮನೆಯ ಕಿರಿಯ ಮಗಳು. ಇಪ್ಪತ್ತರ ಆಸುಪಾಸಿನ ವಯಸ್ಸು. ಅಕ್ಕನ ಮದುವೆಗೆ ಅಂತ ಹತ್ತೂ ಬೆರಳಿಗೆ ಪ್ಲಾಸ್ಟಿಕ್ ಉಗುರು ಅಂಟಿಸಿಕೊಂಡಿದ್ದಳು. ಮದುವೆ ಮುಗಿದು ಬೀಗರು ಊರಿಗೆ ಹೋದ ಮೇಲೆ ತೆಗೆಯಲು ನೋಡಿದಳು. ಬರಲಿಲ್ಲ. ಎಡಗೈ ತೋರುಬೆರಳಿನದನ್ನು ಹಲ್ಲಲ್ಲಿ ಕಚ್ಚಿ ಎಳೆದಳು. ಪ್ಲಾಸ್ಟಿಕ್ ಅರ್ಧ ಮುರಿದು ಬಂತು. ಅದರ ಜೊತೆ ಅವಳ ಸ್ವಂತ ಉಗುರಿನ ಮೇಲ್ಪದರವೂ ಎದ್ದು ಬಂತು. ಪಕ್ಕದ ಚರ್ಮ ಸಿಗಿದು ರಕ್ತ ಬಂತು. ಉಳಿದ ಒಂಬತ್ತು ಉಗುರು ಹಾಗೇ ಇದ್ದವು.

ನಾನು ಅದೇ ಓಣಿಯವಳು. ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತೇನೆ, ವೈದ್ಯಳಲ್ಲ. ಅವಳ ತಾಯಿ ಸಂಜೆ ಅವಳನ್ನು ಕರೆದುಕೊಂಡು ಬಂದರು. ಮುಂದೆ ನಡೆದದ್ದನ್ನು ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದಿದ್ದಾಳೆ. ಬರೆಯಲು ಕಾರಣ ಇಷ್ಟೇ: ನಮ್ಮ ಕಡೆ ಈಗ ಪ್ರತಿ ಮದುವೆಯಲ್ಲೂ ಈ ಉಗುರು ಕಾಣುತ್ತವೆ. ಅಂಟಿಸುವುದು ಹೇಗೆ ಅಂತ ಎಲ್ಲರಿಗೂ ಗೊತ್ತು. ತೆಗೆಯುವುದನ್ನು ಯಾರೂ ಹೇಳಿಕೊಡುವುದಿಲ್ಲ. ಹಾಳಾಗುವುದು ತೆಗೆಯುವಾಗಲೇ.

ಅವಳಿಗೆ ಯಾಕೆ ಅವಸರ

ಬೇರೆಯವರಾದರೆ ಅಂಟು ಸ್ವಲ್ಪ ಉಳಿದರೂ ನಡೆಯುತ್ತದೆ. ಇವಳಿಗೆ ನಡೆಯುವುದಿಲ್ಲ. ಇಳಕಲ್ ಸೀರೆಯ ಮೈಯ ಹಾಸು, ಅಂದರೆ ಉದ್ದಕ್ಕೆ ಹೋಗುವ ನೂಲು, ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಆ ಎರಡನ್ನೂ ಕೊಂಡಿ ಹಾಕಿ ಎಳೆ ಎಳೆಯಾಗಿ ಕೂಡಿಸಬೇಕು. ತೋಪ್ ತೆನಿ ಅನ್ನುವ ಇಲ್ಲಿನ ಹೆಸರುವಾಸಿ ಸೆರಗು ಮೂಡುವುದು ಆ ಕೊಂಡಿಯಿಂದಲೇ. ಮನೆಯಲ್ಲಿ ಕೊಂಡಿ ಹಾಕುವ ಕೆಲಸ ಇವಳದ್ದು ಮತ್ತು ತಾಯಿಯದ್ದು. ದಿನವಿಡೀ ಹೆಬ್ಬೆರಳು, ತೋರುಬೆರಳ ನಡುವೆ ರೇಷ್ಮೆ ಎಳೆ ಓಡುತ್ತದೆ. ಉಗುರಿನ ಮೇಲೆ ಸಾಸಿವೆಯಷ್ಟು ಒರಟು ಇದ್ದರೂ ಎಳೆ ಸಿಕ್ಕಿಕೊಂಡು ಹರಿಯುತ್ತದೆ.

ಮದುವೆಗೆ ಅಂತ ಕೆಲಸ ನಿಲ್ಲಿಸಿದ್ದರು. ಸೀರೆ ಕೊಡುವ ದಿನ ಹತ್ತಿರ ಬಂದಿತ್ತು. ‘ಅಕ್ಕಾ, ನಾಳಿಗೇ ಮಗ್ಗದ ಕೆಲಸ ಹಿಡೀಬೇಕ್ರೀ, ಬ್ಲೇಡ್ ತಗೊಂಡು ಹೆರೆದು ಬಿಡ್ಲೇನು?’ ಅಂದಳು. ಈ ಪ್ರಕರಣದ ಕಷ್ಟ ಇದೇ. ಅಂಟು ಬೇಗ ಹೋಗಬೇಕು. ಆದರೆ ಬೇಗ ಮಾಡಲು ಹೋದರೆ ಉಗುರು ಒರಟಾಗುತ್ತದೆ. ಉಗುರು ಒರಟಾದರೆ ಅಂಟಿಗಿಂತ ಜಾಸ್ತಿ ದಿನ ಕಾಡುತ್ತದೆ.

ಮೊದಲು ನೋಡಿದ್ದು

ಬೆಳಕಿನಲ್ಲಿ ಕೂರಿಸಿ ಒಂದೊಂದೇ ಬೆರಳು ನೋಡಿದೆ. ಹತ್ತೂ ಒಂದೇ ತರ ಇರಲಿಲ್ಲ.

ಏಳು ಉಗುರಿಗೆ ಕಿಟ್ಟಿನ ಜೊತೆ ಬಂದ ಅಂಟನ್ನೇ ಹಾಕಿದ್ದರು. ತೆಳುವಾಗಿತ್ತು. ಅಂಚಿನಲ್ಲಿ ಅಲ್ಲಲ್ಲಿ ಎದ್ದಿತ್ತು. ಬಲಗೈ ಹೆಬ್ಬೆರಳು ಮತ್ತು ಉಂಗುರದ ಬೆರಳಿನ ಉಗುರು ಅರಿಶಿನದ ದಿನವೇ ಬಿದ್ದಿದ್ದವಂತೆ. ಅವಳ ತಮ್ಮ ಮನೆಯಲ್ಲಿದ್ದ ಕ್ವಿಕ್ ಗಮ್ ಸುರಿದು ಮತ್ತೆ ಕೂರಿಸಿದ್ದ. ಅಲ್ಲಿ ಅಂಟು ದಪ್ಪ. ಉಗುರಿನ ಬುಡದ ಚರ್ಮದ ಮೇಲೂ ಹರಿದು ಗಾಜಿನ ಹಾಗೆ ಗಟ್ಟಿಯಾಗಿತ್ತು. ಹತ್ತನೆಯದು, ಹಲ್ಲಲ್ಲಿ ಎಳೆದದ್ದು, ಗಾಯದ ಉಗುರು.

ಊದಿಕೊಂಡಿದೆಯಾ, ಕೀವು ಇದೆಯಾ, ಉಗುರು ಕೆಳಗಿನ ಮಾಂಸದಿಂದ ಬಿಟ್ಟಿದೆಯಾ, ಹಸಿರು ಬಣ್ಣ ಕಾಣುತ್ತಿದೆಯಾ ಅಂತ ನೋಡಿದೆ. ಇಲ್ಲ. ಬೆರಳು ತುರಿಸುತ್ತಿದೆಯಾ, ಕಣ್ಣಿನ ರೆಪ್ಪೆ ತುರಿಸುತ್ತಿದೆಯಾ ಅಂತಲೂ ಕೇಳಿದೆ. ಈ ಜಾತಿಯ ಅಂಟು ಕೆಲವರ ಮೈಗೆ ಒಗ್ಗುವುದಿಲ್ಲ. ಅಲರ್ಜಿ ಬೆರಳಲ್ಲಿ ಮಾತ್ರ ಕಾಣಬೇಕು ಅಂತಿಲ್ಲ. ಕೈಯಿಂದ ಮುಖ ಮುಟ್ಟುತ್ತೇವಲ್ಲ, ರೆಪ್ಪೆಯಲ್ಲೂ ಕಾಣಿಸಿಕೊಳ್ಳಬಹುದು. ಅವಳಿಗೆ ಅದೂ ಇರಲಿಲ್ಲ. ಸಕ್ಕರೆ ಕಾಯಿಲೆ ಇಲ್ಲ. ಇವುಗಳಲ್ಲಿ ಒಂದು ಇದ್ದಿದ್ದರೂ ನಾನು ಕೈ ಹಾಕುತ್ತಿರಲಿಲ್ಲ. ಬಾಗಲಕೋಟೆಯ ಚರ್ಮದ ಡಾಕ್ಟರ ಹತ್ತಿರ ಕಳಿಸುತ್ತಿದ್ದೆ.

ಅಂಟು ಅಂದರೆ ಏನು

ಕಿಟ್ಟಿನ ಟ್ಯೂಬಿನ ಮೇಲೆ ಈಥೈಲ್ ಸೈನೋಆಕ್ರಿಲೇಟ್ ಅಂತ ಬರೆದಿತ್ತು. ಮನೆಯ ಕ್ವಿಕ್ ಗಮ್ಮೂ ಅದೇ ಕುಟುಂಬದ್ದು. 1942ರಲ್ಲಿ ಅಮೆರಿಕದ ಕೊಡ್ಯಾಕ್ ಕಂಪನಿಯಲ್ಲಿ ಹ್ಯಾರಿ ಕೂವರ್ ಎಂಬ ರಸಾಯನ ವಿಜ್ಞಾನಿ ಬಂದೂಕಿನ ಗುರಿಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಈ ವಸ್ತು ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ ಅಂತ ಬದಿಗೆ ಸರಿಸಿದರು. ಅದೇ ಗುಣದಿಂದ 1958ರಲ್ಲಿ ಅಂಟಾಗಿ ಮಾರುಕಟ್ಟೆಗೆ ಬಂತು. ಇದೇ ಕುಟುಂಬದ ಬೇರೆ ಅಂಟುಗಳನ್ನು ಆಸ್ಪತ್ರೆಯಲ್ಲಿ ಗಾಯ ಕೂಡಿಸಲೂ ಬಳಸುತ್ತಾರೆ.

ಇದು ಒಣಗಿ ಗಟ್ಟಿಯಾಗುವ ಅಂಟಲ್ಲ. ತೇವ ತಾಗಿದರೆ ಗಟ್ಟಿಯಾಗುವ ಅಂಟು. ಗಾಳಿಯ ತೇವ, ಚರ್ಮದ ಬೆವರು, ಉಗುರಿನೊಳಗಿನ ನೀರಿನಂಶ ಸಾಕು. ಸಣ್ಣ ಸಣ್ಣ ಅಣುಗಳು ಒಂದಕ್ಕೊಂದು ಕೈ ಹಿಡಿದು ಉದ್ದುದ್ದ ಸರಪಳಿಯಾಗುತ್ತವೆ. ತೆಳುವಾಗಿ ಹಾಕಿದರೆ ಸೆಕೆಂಡುಗಳಲ್ಲಿ ಆಗುತ್ತದೆ.

ತೆಗೆಯುವಾಗ ಈ ಸರಪಳಿಗಳನ್ನು ಸಡಿಲಿಸಬೇಕು. ಮನೆಯಲ್ಲಿ ಆ ಕೆಲಸಕ್ಕೆ ಸಿಗುವುದು ಅಸಿಟೋನ್, ಕೆಲವು ನೇಲ್ ಪಾಲಿಶ್ ರಿಮೂವರಿನಲ್ಲಿ ಇರುವ ದ್ರಾವಕ. ಅದು ಅಂಟನ್ನು ಸುಡುವುದಿಲ್ಲ, ಸರಪಳಿಗಳ ನಡುವೆ ನುಗ್ಗಿ ಉಬ್ಬಿಸುತ್ತದೆ. ಅವಳಿಗೆ ಅರ್ಥವಾಗಲಿ ಅಂತ ನೂಲಿನ ಗಂಟಿನ ಮಾತು ಹೇಳಿದೆ. ಗಂಟು ಬಿದ್ದ ಎಳೆಯನ್ನು ಜಗ್ಗಿದರೆ ಇನ್ನೂ ಬಿಗಿಯಾಗುತ್ತದೆ, ನೆನೆಸಿ ಸಡಿಲಿಸಿದರೆ ಬಿಡುತ್ತದೆ. ಅವಳು ಬ್ಲೇಡಿನ ಮಾತು ಬಿಟ್ಟಳು.

ಉಗುರಿನ ಬಗ್ಗೆಯೂ ಒಂದು ಮಾತು. ಅದು ಒಂದೇ ಗಟ್ಟಿ ಹಲಗೆಯಲ್ಲ. ಸತ್ತ ಜೀವಕೋಶಗಳು ಚಪ್ಪಟೆಯಾಗಿ ಒಂದರ ಮೇಲೊಂದು ಕೂತ ಪದರುಗಳು ಅದರಲ್ಲಿವೆ. ಅಂಟು ಹಿಡಿಯುವುದು ಎಲ್ಲಕ್ಕಿಂತ ಮೇಲಿನ ಪದರನ್ನು. ಎಳೆದಾಗ ಅಂಟು ಮತ್ತು ಉಗುರಿನ ನಡುವೆ ಬಿಡಬೇಕು ಅಂತ ನಾವು ಬಯಸುತ್ತೇವೆ. ಆದರೆ ಬಿಡುವುದು ಎಲ್ಲಿ ಬಲ ಕಡಿಮೆಯೋ ಅಲ್ಲಿ. ಎಷ್ಟೋ ಸಲ ಅದು ಉಗುರಿನ ಪದರುಗಳ ನಡುವೆಯೇ ಆಗಿರುತ್ತದೆ. ಹರಿದ ಪದರು ಮತ್ತೆ ಕೂಡುವುದಿಲ್ಲ. ಬುಡದಿಂದ ಹೊಸ ಉಗುರು ಬೆಳೆದು ಅದನ್ನು ಮುಂದೆ ತಳ್ಳುವವರೆಗೆ ಕಾಯಬೇಕು. ಕೈ ಉಗುರು ಬೆಳೆಯುವುದು ತಿಂಗಳಿಗೆ ಸುಮಾರು 3 ಮಿಲಿಮೀಟರ್. ಪೂರ್ತಿ ಹೊಸ ಉಗುರಿಗೆ ಆರು ತಿಂಗಳವರೆಗೂ ಬೇಕಾಗಬಹುದು.

ಓಣಿಯ ಸಲಹೆಗಳು

ಅಷ್ಟರಲ್ಲಿ ಅಕ್ಕಪಕ್ಕದವರ ಸಲಹೆ ಬಂದಿದ್ದವು. ಒಬ್ಬರು ಸೀಮೆಎಣ್ಣೆ ಅಂದರು. ಅದು ಈ ಅಂಟನ್ನು ಕರಗಿಸುವುದಿಲ್ಲ, ಹಸಿ ಗಾಯದ ಮೇಲೆ ಬಿದ್ದರೆ ಉರಿಸುತ್ತದೆ, ಬೆಂಕಿಯ ಅಪಾಯ ಬೇರೆ. ಪೆಟ್ರೋಲ್, ಬಣ್ಣದ ಅಂಗಡಿಯ ಥಿನ್ನರ್ ಇವೂ ಬೇಡ. ಥಿನ್ನರಿನಲ್ಲಿ ಏನೇನು ಕೂಡಿಸಿರುತ್ತಾರೋ ನಮಗೆ ಗೊತ್ತಿರುವುದಿಲ್ಲ. ಚರ್ಮಕ್ಕೆ ತಾಗಿಸಿಕೊಳ್ಳುವ ವಸ್ತು ಅದಲ್ಲ.

ನಿಂಬೆಹಣ್ಣು, ಉಪ್ಪು ಅಂತ ಅಜ್ಜಿ ಹೇಳಿದರು. ಗಟ್ಟಿಯಾದ ಅಂಟಿಗೆ ನಿಂಬೆರಸ ಏನೂ ಮಾಡುವುದಿಲ್ಲ. ಗಾಯ ಇಲ್ಲದ ಚರ್ಮದ ಮೇಲೆ ತೆಳು ಅಂಟು ಇದ್ದರೆ ಉಪ್ಪಿನಿಂದ ಮೆಲ್ಲಗೆ ಉಜ್ಜಬಹುದು, ಅಷ್ಟೇ. ಕೊಬ್ಬರಿ ಎಣ್ಣೆ ಅಂತ ತಾಯಿ ಹೇಳಿದ್ದು ಕೆಲಸಕ್ಕೆ ಬಂತು. ಎಣ್ಣೆ ಅಂಟನ್ನು ಕರಗಿಸದು. ಆದರೆ ಚರ್ಮ ಮತ್ತು ಅಂಟಿನ ನಡುವೆ ಅಂಚಿನಿಂದ ಇಳಿದು ಬಿಡಿಸಲು ನೆರವಾಗುತ್ತದೆ. ಅಸಿಟೋನ್ ಚರ್ಮದ ಜಿಡ್ಡನ್ನೆಲ್ಲ ಎಳೆದುಕೊಳ್ಳುತ್ತದೆ, ಅದಕ್ಕೆ ಎಣ್ಣೆ ಅಡ್ಡ ನಿಲ್ಲುತ್ತದೆ.

ಮನೆಯಲ್ಲಿ ಒಂದು ನೇಲ್ ಪಾಲಿಶ್ ರಿಮೂವರ್ ಇತ್ತು. ಅದನ್ನು ಹಚ್ಚಿ ನೋಡಿದ್ದಳಂತೆ, ಏನೂ ಆಗಲಿಲ್ಲವಂತೆ. ಬಾಟಲಿ ತಿರುಗಿಸಿ ನೋಡಿದರೆ ಅಸಿಟೋನ್ ಫ್ರೀ ಅಂತ ಇತ್ತು. ಇಂಥ ರಿಮೂವರಿನಲ್ಲಿ ಸಾಮಾನ್ಯವಾಗಿ ಈಥೈಲ್ ಅಸಿಟೇಟ್ ಇರುತ್ತದೆ. ಬಣ್ಣಕ್ಕೆ ಅದು ಸಾಕು, ಈ ಅಂಟಿಗೆ ತುಂಬಾ ನಿಧಾನ. ತುಂಬಾ ಜನ ಇಲ್ಲೇ ತಾಳ್ಮೆ ಕಳೆದುಕೊಂಡು ಕೀಳಲು ಶುರು ಮಾಡುತ್ತಾರೆ. ಹಾಗಾಗಿ ಲೇಬಲ್ ಓದಿ. ಅಸಿಟೋನ್ ಅಂತ ಬರೆದಿರುವುದೇ ಬೇಕು.

ನೆನೆಸಿದ್ದು

ಮರುದಿನ ಬೆಳಿಗ್ಗೆ ಬಿಸಿಲು ಏರುವ ಮೊದಲು ಹಿತ್ತಲಿನ ನೆರಳಲ್ಲಿ ಕೂತೆವು. ಮನೆಯೊಳಗೆ ಬೇಡ ಅಂದೆ. ಯಾಕೆಂದರೆ ಒಳಗೆ ದೇವರ ಮುಂದೆ ದೀಪ ಇತ್ತು, ಊದಿನಕಡ್ಡಿ ಇತ್ತು, ಅಡುಗೆಮನೆಯಲ್ಲಿ ಗ್ಯಾಸ್ ಉರಿಯುತ್ತಿತ್ತು. ಅಸಿಟೋನ್ ಬಹಳ ಬೇಗ ಆವಿಯಾಗುತ್ತದೆ, ಕುದಿಯುವುದೇ 56 ಡಿಗ್ರಿ ಸೆಲ್ಸಿಯಸ್‌ಗೆ. ಸೊನ್ನೆಗಿಂತ ಕೆಳಗಿನ ಚಳಿಯಲ್ಲೂ ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ. ಮೇಲೆ ಹಾರಿಹೋಗದೆ ನೆಲದ ಮೇಲೆ ಹರಿದು, ದೂರದ ಕಿಡಿ ಮುಟ್ಟಿ ವಾಪಸ್ ಉರಿದು ಬರಬಹುದು. ಬೇಸಿಗೆಯಲ್ಲಿ ನಮ್ಮ ಊರಿನ ಸೆಕೆಗೆ ಇದು ಇನ್ನೂ ಜಾಸ್ತಿ. ಬಾಟಲಿಯನ್ನು ಒಲೆಯ ಮೇಲೆ ಬಿಸಿ ಮಾಡಿದರೆ ಬೇಗ ಆಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಲೇಬೇಡಿ. ಬೆರಳಿನ ಬಿಸಿಯೇ ಸಾಕು.

ಕೈಯಲ್ಲಿದ್ದ ಪ್ಲಾಸ್ಟಿಕ್ ಬಳೆ, ಮುತ್ತಿನ ಉಂಗುರ ತೆಗೆಸಿದೆ. ಮೊಬೈಲ್ ದೂರ ಇಡಿಸಿದೆ. ಅಸಿಟೋನ್ ಎಷ್ಟೋ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಮರದ ಪಾಲಿಶ್ ಎಬ್ಬಿಸುತ್ತದೆ. ಗಾಜಿನ ಬಳೆಗೆ ಏನೂ ಆಗುವುದಿಲ್ಲ. ನೇಕಾರರ ಮನೆಯಲ್ಲಿ ಇನ್ನೊಂದು ಎಚ್ಚರ ಬೇಕು: ಅಸಿಟೇಟ್ ಅನ್ನುವ ಒಂದು ಬಗೆಯ ಕೃತಕ ನೂಲು ಅಸಿಟೋನ್‌ನಲ್ಲಿ ಕರಗಿಯೇ ಹೋಗುತ್ತದೆ. ನೂಲು, ಸೀರೆ ಇರುವ ಕೋಣೆಗೆ ಈ ಬಾಟಲಿ ತರಲೇಬಾರದು.

ಮೊದಲು ಪ್ಲಾಸ್ಟಿಕ್ ಉಗುರನ್ನು ನೇಲ್ ಕಟರಿನಿಂದ ಆದಷ್ಟು ಗಿಡ್ಡ ಮಾಡಿದೆವು. ಮೇಲಿನ ಹೊಳಪನ್ನು ನೇಲ್ ಫೈಲಿನಿಂದ ಮೆಲ್ಲಗೆ ಉಜ್ಜಿ ತೆಗೆದೆವು. ಪ್ಲಾಸ್ಟಿಕ್ ಮೇಲೆ ಮಾತ್ರ, ಸ್ವಂತ ಉಗುರು ಮುಟ್ಟದ ಹಾಗೆ. ಇದನ್ನು ಬಿಡಬೇಡಿ. ಪ್ಲಾಸ್ಟಿಕ್ ದಪ್ಪ ಇದ್ದರೆ ಅಸಿಟೋನ್ ಅಂಟಿನವರೆಗೆ ಇಳಿಯುವುದೇ ಇಲ್ಲ. ಇಂಥ ಉಗುರುಗಳ ಪ್ಲಾಸ್ಟಿಕ್ ಸಾಮಾನ್ಯವಾಗಿ ಅಸಿಟೋನ್‌ಗೆ ಮೆತ್ತಗಾಗಿ ಗೋಂದಿನ ತರ ಆಗುತ್ತದೆ. ಜಾಸ್ತಿ ಉಳಿದಷ್ಟೂ ಆ ಗೋಂದು ಉಗುರಿನ ಮೇಲೆಲ್ಲ ಹರಡಿ ಮತ್ತೆ ಗಟ್ಟಿಯಾಗುತ್ತದೆ. ಅದನ್ನೇ ಅಂಟು ಅಂದುಕೊಂಡು ಕೆರೆಯುವವರಿದ್ದಾರೆ.

ಆಮೇಲೆ ಉಗುರಿನ ಸುತ್ತಲ ಚರ್ಮಕ್ಕೆ ವ್ಯಾಸಲೀನ್ ದಪ್ಪವಾಗಿ ಹಚ್ಚಿದೆವು. ಉಗುರಿನ ಮೇಲೆ ತಾಗಬಾರದು. ತಾಗಿದರೆ ಅಸಿಟೋನ್‌ಗೂ ಅಡ್ಡ ಬರುತ್ತದೆ. ಹತ್ತಿಯ ಸಣ್ಣ ತುಣುಕನ್ನು ಅಸಿಟೋನ್‌ನಲ್ಲಿ ಅದ್ದಿ ಉಗುರಿನ ಮೇಲಿಟ್ಟು, ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆಯಿಂದ ಬೆರಳ ತುದಿ ಸುತ್ತಿದೆವು. ಹಾಳೆ ಆವಿಯನ್ನು ಹಿಡಿದಿಡುತ್ತದೆ. ಬಟ್ಟಲಲ್ಲಿ ಬೆರಳು ಅದ್ದಿ ಕೂರುವುದಕ್ಕಿಂತ ಇದು ನನಗೆ ಇಷ್ಟ. ಅಸಿಟೋನ್ ಕಡಿಮೆ ಸಾಕು, ವಾಸನೆ ಕಡಿಮೆ, ಬೆರಳಿನ ಚರ್ಮ ಪೂರ್ತಿ ಮುಳುಗುವುದಿಲ್ಲ. ಒಮ್ಮೆಗೆ ಒಂದೇ ಕೈ. ಉರಿ ಬಂದರೆ ತಕ್ಷಣ ಬಿಚ್ಚಲು ಇನ್ನೊಂದು ಕೈ ಬೇಕಲ್ವಾ.

ಹದಿನೈದು ನಿಮಿಷ ಸುಮ್ನೆ ಕೂತೆವು. ನಡುವೆ ಬಿಚ್ಚಿ ನೋಡುವ ಆಸೆ ಅವಳಿಗೆ ತುಂಬಾ ಇತ್ತು. ಬಿಚ್ಚಿದರೆ ಆವಿ ಹೋಗುತ್ತದೆ, ಅಂಟು ಮತ್ತೆ ಬಿಗಿಯುತ್ತದೆ ಅಂತ ತಡೆದೆ.

ಬಿಚ್ಚಿದಾಗ ಎಡಗೈಯ ಮೂರು ಉಗುರಲ್ಲಿ ಪ್ಲಾಸ್ಟಿಕ್ ಮೆತ್ತಗಾಗಿ ಜಾರುತ್ತಿತ್ತು. ಐಸ್‌ಕ್ರೀಮಿನ ನುಣುಪಾದ ಮರದ ಕಡ್ಡಿಯಿಂದ ಬುಡದ ಕಡೆಯಿಂದ ತುದಿಯ ಕಡೆಗೆ ತಳ್ಳಿದೆವು. ಲೋಹದ ಯಾವುದೂ ಬೇಡ, ಪಿನ್ನು, ಚಾಕು, ಕತ್ತರಿಯ ಮೊನೆ ಬೇಡ. ತಳ್ಳುವಾಗ ಬಲ ಬೇಕು ಅನ್ನಿಸಿದರೆ ಅದು ಇನ್ನೂ ನೆನೆಯಬೇಕು ಅಂತ ಅರ್ಥ. ನಾಲ್ಕನೆಯದಕ್ಕೆ ಹಾಗೇ ಆಯಿತು. ಹೊಸ ಹತ್ತಿ ಇಟ್ಟು ಮತ್ತೆ ಸುತ್ತಿದೆವು. ಎಡಗೈ ತೋರುಬೆರಳನ್ನು ಮಾತ್ರ ದೂರ ಇಟ್ಟಿದ್ದೆವು.

ಬಲಗೈಯಲ್ಲಿ ಕಿಟ್ಟಿನ ಅಂಟಿದ್ದ ಮೂರು ಉಗುರು ಸಲೀಸಾಗಿ ಬಂದವು. ಕ್ವಿಕ್ ಗಮ್ ಹಾಕಿದ ಎರಡು ಬರಲಿಲ್ಲ. ಪ್ಲಾಸ್ಟಿಕ್ ಹೋಯಿತು, ಅಂಟಿನ ಗಡ್ಡೆ ಉಳಿಯಿತು. ಮತ್ತೊಮ್ಮೆ ನೆನೆಸಿದಾಗ ಮೇಲಿನ ಪದರು ಬಿಳಿ ಲೋಳೆಯಾಗಿ ಬಂತು, ಅಡಿಯದು ಹಾಗೇ ಕೂತಿತ್ತು. ಚರ್ಮ ಬೆಳ್ಳಗಾಗಿ ಬಿಗಿಯುತ್ತಿದೆ ಅಂದಳು.

ಅಲ್ಲಿಗೆ ನಿಲ್ಲಿಸಿದೆ. ತಾಯಿಗೆ ಸಮಾಧಾನ ಆಗಲಿಲ್ಲ, ‘ಇಷ್ಟು ಆಗೇದ, ಇನ್ನೊಂದೀಟು ಹೆರೆದರ ಮುಗೀತದಲ್ಲ’ ಅಂದರು. ಈ ಇನ್ನೊಂದೀಟಿನಲ್ಲೇ ಉಗುರು ಹಾಳಾಗುವುದು. ಉಳಿದ ಅಂಟು ಯಾರಿಗೂ ತೊಂದರೆ ಕೊಡುತ್ತಿಲ್ಲ, ಅದಕ್ಕೆ ಇನ್ನೊಂದು ದಿನ ಕೊಡಬಹುದು. ಇಡೀ ಕೆಲಸದಲ್ಲಿ ಯಾವ ನಿರ್ಧಾರ ಮುಖ್ಯ ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಕೈಯನ್ನು ಸೋಪು, ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ತಿಕ್ಕಿದೆವು. ಉಗುರುಗಳೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗೆ ಕಂಡು ಅವಳು ಹೆದರಿದಳು. ಅಸಿಟೋನ್ ಜಿಡ್ಡು ಮತ್ತು ತೇವ ಎಳೆದದ್ದರಿಂದ ಬಂದ ಬಿಳಿ ಅದು. ಎಣ್ಣೆ ತಾಗಿದ ಕೂಡಲೇ ಬಹುಪಾಲು ಮಾಯವಾಯಿತು. ಪದರು ಹರಿದು ಬಂದ ಬಿಳಿ ಬೇರೆ. ಅದು ಎಣ್ಣೆಗೆ ಹೋಗುವುದಿಲ್ಲ, ಬೆರಳಾಡಿಸಿದರೆ ಒರಟು ಗೊತ್ತಾಗುತ್ತದೆ. ಈ ಎರಡನ್ನು ಗುರುತಿಸಲು ಒಂದು ಹನಿ ಎಣ್ಣೆ ಸಾಕು.

ಅಸಿಟೋನ್ ಹಿಡಿದ ಹತ್ತಿಯನ್ನು ಹಿತ್ತಲಲ್ಲೇ ಬೆಂಕಿಯಿಂದ ದೂರ ಹರಡಿ, ಪೂರ್ತಿ ಒಣಗಿದ ಮೇಲೆ ಕಸಕ್ಕೆ ಹಾಕಿದೆವು. ನೀರು ಕಾಯಿಸುವ ಒಲೆಗೆ ಎಸೆಯಲು ಅವಳ ತಮ್ಮ ಎತ್ತಿಕೊಂಡಿದ್ದ, ತಡೆದೆವು.

ಗಾಯದ ಬೆರಳು

ಎಡಗೈ ತೋರುಬೆರಳಿಗೆ ಅಸಿಟೋನ್ ಹಾಕಲಿಲ್ಲ. ಹಸಿ ಚರ್ಮಕ್ಕೆ ಅದು ಬಹಳ ಉರಿ. ಮೇಲ್ಪದರು ಹೋದ ಉಗುರು ಮೊದಲೇ ತೆಳ್ಳಗಿರುತ್ತದೆ, ಅದನ್ನು ಇನ್ನಷ್ಟು ಒಣಗಿಸಿದರೆ ಬಿರುಕು ಬಿಡುತ್ತದೆ.

ಆ ಬೆರಳಿಗೆ ಬೇರೆ ದಾರಿ ಹಿಡಿದೆವು. ದಿನಕ್ಕೆ ಎರಡು ಹೊತ್ತು, ಹತ್ತು ಹದಿನೈದು ನಿಮಿಷ, ಸೋಪು ಹಾಕಿದ ಬೆಚ್ಚಗಿನ ನೀರಲ್ಲಿ ಬೆರಳು ಇಡುವುದು. ನೀರು ಈ ಅಂಟನ್ನು ಕರಗಿಸುವುದಿಲ್ಲ. ಆದರೆ ಉಗುರು ನೀರು ಕುಡಿದು ಸ್ವಲ್ಪ ಉಬ್ಬುತ್ತದೆ, ಅಂಟು ಅಷ್ಟು ಉಬ್ಬುವುದಿಲ್ಲ. ಹಾಗಾಗಿ ಅಂಚು ನಿಧಾನವಾಗಿ ಬಿಡುತ್ತಾ ಬರುತ್ತದೆ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಿದ್ದೆ: ನೀರಿಂದ ತೆಗೆದ ಕೂಡಲೇ ಕೆರೆಯಬೇಡ. ನೆನೆದ ಉಗುರು ಮೆತ್ತಗಿರುತ್ತದೆ, ಆಗ ಕೆರೆದರೆ ಇನ್ನೂ ಸುಲಭವಾಗಿ ಪದರು ಏಳುತ್ತದೆ. ಒರೆಸಿ, ಒಣಗಲು ಬಿಟ್ಟು, ತಾನಾಗಿ ಎದ್ದ ಅಂಚನ್ನು ಮಾತ್ರ ಕಟರಿನಿಂದ ಕತ್ತರಿಸಿ ಎಣ್ಣೆ ಹಚ್ಚುವುದು.

ಹಾಗಾದರೆ ಕೊಂಡಿ ಹಾಕುವುದು ಹೇಗೆ? ಔಷಧಿ ಅಂಗಡಿಯ ಕಾಗದದ ಟೇಪು, ಬ್ಯಾಂಡೇಜಿಗೆ ಬಳಸುವಂಥದ್ದು, ಆ ಉಗುರಿನ ಮೇಲೆ ಒಂದು ಸುತ್ತು ಹಾಕಿದೆವು. ಟೇಪಿನ ಮೇಲೆ ರೇಷ್ಮೆ ಎಳೆ ಜಾರುತ್ತದೆ, ಸಿಕ್ಕಿಕೊಳ್ಳುವುದಿಲ್ಲ. ಕೆಲಸ ಮುಗಿದ ಮೇಲೆ ಟೇಪು ನೆನೆಸಿ ತೆಗೆಯಬೇಕು, ಸುಮ್ನೆ ಎಳೆದರೆ ಅದೇ ಕಥೆ. ರಾತ್ರಿ ಗಾಳಿಗೆ ಬಿಡಬೇಕು. ತೇವ ಒಳಗೇ ಉಳಿದರೆ ಸೋಂಕು ಆಗಬಹುದು. ಪ್ಲಾಸ್ಟಿಕ್ ಉಗುರು ಅರ್ಧ ಎದ್ದು, ಅಡಿಯಲ್ಲಿ ನೀರು ನಿಂತು, ಸ್ವಂತ ಉಗುರು ಹಸಿರಾಗುವುದೂ ಉಂಟು. ಸೂಡೊಮೋನಾಸ್ ಎಂಬ ಬ್ಯಾಕ್ಟೀರಿಯಾದ ಕೆಲಸ ಅದು. ಅಂಥ ಬಣ್ಣ ಕಂಡರೆ ಮನೆಮದ್ದು ಬಿಟ್ಟು ಡಾಕ್ಟರಿಗೆ ತೋರಿಸಿ.

ಅಂದೇ ಮಧ್ಯಾಹ್ನ ಅವಳು ಕೆಲಸಕ್ಕೆ ಕೂತಳು. ನಿಧಾನ ಆಯಿತು, ಎಳೆ ಹರಿಯಲಿಲ್ಲ. ಕ್ವಿಕ್ ಗಮ್ಮಿನ ಎರಡು ಉಗುರನ್ನು ಮೂರನೇ ದಿನ ಮತ್ತೊಮ್ಮೆ ನೆನೆಸಿದೆವು, ಆಗ ಬಂದವು. ಬುಡದ ಚರ್ಮದ ಮೇಲಿದ್ದ ಅಂಟನ್ನು ಮುಟ್ಟಲೇ ಇಲ್ಲ. ಚರ್ಮ ತಾನಾಗಿ ಸತ್ತ ಕೋಶಗಳನ್ನು ಉದುರಿಸುತ್ತಲೇ ಇರುತ್ತದೆ, ಬೆವರು, ಎಣ್ಣೆಯೂ ಸೇರಿ ಕೆಲವೇ ದಿನಗಳಲ್ಲಿ ಅಂಟು ಹೊಪ್ಪಳೆಯಾಗಿ ಬಿತ್ತು.

ಗೂಡಿನಲ್ಲಿ ಕಂಡದ್ದು

ಟ್ಯೂಬ್ ಎಲ್ಲಿದೆ ಅಂತ ಕೇಳಿದಾಗ ಮಗ್ಗದ ಕೋಣೆಯ ಗೋಡೆಗೂಡು ತೋರಿಸಿದರು. ಉಗುರಿನ ಸಮಸ್ಯೆಗಿಂತ ಅದು ನನಗೆ ಜಾಸ್ತಿ ಭಯ ತಂದಿತು.

ಅದೇ ಗೂಡಿನಲ್ಲಿ ಅಜ್ಜಿಯ ಕಣ್ಣಿನ ಡ್ರಾಪ್ಸ್ ಇತ್ತು. ಪೊರೆ ಆಪರೇಷನ್ ಆದ ಮೇಲೆ ಹಾಕಿಕೊಳ್ಳುತ್ತಿದ್ದದ್ದು. ಎರಡೂ ಬೆರಳುದ್ದದ ಬಿಳಿ ಬಾಟಲಿ, ಎರಡಕ್ಕೂ ಚೂಪು ಮೂತಿ. ಕಣ್ಣಿನ ಔಷಧಿ ಅಂದುಕೊಂಡು ಈ ಅಂಟನ್ನು ಕಣ್ಣಿಗೆ ಹಾಕಿಕೊಂಡ ಘಟನೆಗಳು ಬೇರೆ ಬೇರೆ ದೇಶಗಳಲ್ಲಿ ನಿಜವಾಗಿ ನಡೆದಿವೆ. ಹಾಗೆ ಆದರೆ ರೆಪ್ಪೆಯನ್ನು ಬಲವಂತವಾಗಿ ಬಿಡಿಸಬಾರದು. ಅಸಿಟೋನ್ ಕಣ್ಣಿನ ಹತ್ತಿರವೂ ತರಬಾರದು. ಉಗುರುಬೆಚ್ಚಗಿನ ಶುದ್ಧ ನೀರನ್ನು ಹದಿನೈದು ನಿಮಿಷ ಹರಿಸುತ್ತಾ ತೊಳೆದು, ತಡ ಮಾಡದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ತುಟಿ ಅಂಟಿಕೊಂಡರೂ ಅಸಿಟೋನ್ ಬೇಡ, ಬೆಚ್ಚಗಿನ ನೀರು ಮತ್ತು ಬಾಯಿಯ ಜೊಲ್ಲೇ ಬಿಡಿಸುತ್ತವೆ.

ಗೂಡಿನ ಕೆಳಗೆ ಹತ್ತಿ ನೂಲಿನ ಲಡಿಗಳಿದ್ದವು. ಇದು ತುಂಬಾ ಜನರಿಗೆ ಗೊತ್ತಿಲ್ಲ: ಹಸಿ ಅಂಟು ಹತ್ತಿಯ ಮೇಲೆ ಚೆಲ್ಲಿದರೆ ಒಮ್ಮೆಲೇ ಗಟ್ಟಿಯಾಗುತ್ತದೆ, ಆಗ ಹುಟ್ಟುವ ಶಾಖ ಚರ್ಮ ಸುಡುವಷ್ಟು ಇರುತ್ತದೆ. ಹೊಗೆಯೂ ಬರಬಹುದು. ಹತ್ತಿ ಬಟ್ಟೆಯ ಮೇಲೆ ಉಗುರಂಟು ಚೆಲ್ಲಿ ಮಕ್ಕಳ ತೊಡೆ, ಕಾಲು ಸುಟ್ಟದ್ದನ್ನು ವೈದ್ಯರು ದಾಖಲಿಸಿದ್ದಾರೆ. ಚೆಲ್ಲಿದರೆ ಬಟ್ಟೆ ಚರ್ಮಕ್ಕೆ ತಾಗದಂತೆ ದೂರ ಹಿಡಿದು, ತಣ್ಣೀರು ಹೊಯ್ಯಬೇಕು. ಬಟ್ಟೆ ಚರ್ಮಕ್ಕೆ ಅಂಟಿಬಿಟ್ಟಿದ್ದರೆ ಎಳೆಯದೆ ಆಸ್ಪತ್ರೆಗೆ ಹೋಗಬೇಕು. ಹಾಗಾದರೆ ನಾವು ಹತ್ತಿಯನ್ನೇ ಉಗುರಿನ ಮೇಲೆ ಇಟ್ಟೆವಲ್ಲ ಅಂತ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಈ ಶಾಖ ಬರುವುದು ಹಸಿ ಅಂಟು ಗಟ್ಟಿಯಾಗುವಾಗ. ಆಗಲೇ ಗಟ್ಟಿಯಾದ ಅಂಟಿಗೆ ಹತ್ತಿ ತಾಗಿದರೆ ಏನೂ ಆಗುವುದಿಲ್ಲ. ಹಾಗಾಗಿ ಅಂಟಿಸುವಾಗ ಸೋರಿದ್ದನ್ನು ಹತ್ತಿಯಿಂದ ಒರೆಸಬೇಡಿ, ತೆಗೆಯುವಾಗ ಹತ್ತಿ ಬಳಸಬಹುದು.

ಟ್ಯೂಬನ್ನು, ಅಸಿಟೋನ್ ಬಾಟಲಿಯನ್ನು ಬೀಗ ಇರುವ ಟ್ರಂಕಿನ ಪಕ್ಕದ ಮೇಲಿನ ಹಲಗೆಗೆ ಸಾಗಿಸಿದೆವು. ಕಣ್ಣಿನ ಔಷಧಿ ಅಜ್ಜಿಯ ಹಾಸಿಗೆ ಪಕ್ಕದ ಡಬ್ಬಿಗೆ ಹೋಯಿತು.

ಆಮೇಲಿನ ತಿಂಗಳುಗಳು

ಒಂಬತ್ತು ಉಗುರು ಎರಡು ಮೂರು ವಾರ ಒಣಒಣ ಇದ್ದು ಸರಿಯಾದವು. ಗಾಯದ ಉಗುರಿನಲ್ಲಿ ಹರಿದ ಪದರಿನ ಗುರುತು ಬಿಳಿ ಮಚ್ಚೆಯಾಗಿ ಉಳಿಯಿತು.

ಅದು ಎಷ್ಟು ಮುಂದೆ ಬಂದಿದೆ ಅಂತ ಅಳೆಯಲು ನಮಗೊಂದು ಒಳ್ಳೆಯ ಅಳತೆ ಸಿಕ್ಕಿತ್ತು. ಪ್ಲಾಸ್ಟಿಕ್ ಉಗುರಿಗಿಂತ ಮೊದಲೇ ಬೆರಳ ತುದಿಗೆಲ್ಲ ಮದರಂಗಿ ಹಚ್ಚಿದ್ದರು. ಚರ್ಮದ ಬಣ್ಣ ಕೆಲವು ವಾರದಲ್ಲಿ ಹೋಯಿತು, ಉಗುರಿನದು ಹೋಗಲಿಲ್ಲ. ಮದರಂಗಿಯ ಬಣ್ಣ ಉಗುರಿನಲ್ಲಿರುವ ಕೆರಟಿನ್ ಎಂಬ ಪ್ರೋಟೀನಿಗೆ ಕೂಡಿಕೊಳ್ಳುತ್ತದೆ, ಅಸಿಟೋನ್ ಹಾಕಿದರೂ ಹೋಗದು. ಬುಡದಿಂದ ಬಣ್ಣವಿಲ್ಲದ ಹೊಸ ಉಗುರು ಬರುತ್ತಾ, ಕೆಂಪು ಗೆರೆ ಮುಂದೆ ಸರಿಯುತ್ತಾ ಹೋಯಿತು. ಗೆರೆ ಎಷ್ಟು ಸರಿದಿದೆಯೋ ಅಷ್ಟು ಆರೋಗ್ಯದ ಹೊಸ ಉಗುರು. ಆರನೇ ವಾರಕ್ಕೆ ಬಿಳಿ ಮಚ್ಚೆ ಉಗುರಿನ ನಡು ದಾಟಿತ್ತು, ಟೇಪು ಬಿಟ್ಟು ಕೊಂಡಿ ಹಾಕುತ್ತಿದ್ದಳು. ನಾಲ್ಕನೇ ತಿಂಗಳ ಹೊತ್ತಿಗೆ ಮಚ್ಚೆ ತುದಿಗೆ ಬಂದು, ಕಟರಿನಲ್ಲಿ ಹೋಯಿತು. ಈ ನಡುವೆ ಆ ಬೆರಳಿಗೆ ಬಣ್ಣ, ಅಂಟು ಯಾವುದೂ ಹಾಕಿರಲಿಲ್ಲ.

ಅಕ್ಕನ ಸೀಮಂತಕ್ಕೆ ಮತ್ತೆ ಉಗುರು ಹಾಕಿಕೊಳ್ಳಬಹುದಾ ಅಂತ ಕೇಳಿದಳು. ಬೇಡ ಅನ್ನಲು ನನಗೆ ಮನಸ್ಸು ಬರಲಿಲ್ಲ, ಆ ವಯಸ್ಸಿನ ಆಸೆ ಅದು. ಒಂದು ದಿನದ ಕಾರ್ಯಕ್ಕೆ ಟ್ಯೂಬಿನ ಅಂಟು ಬೇಕಿಲ್ಲ. ಎರಡೂ ಕಡೆ ಅಂಟುವ ಮೆತ್ತನೆ ಸ್ಟಿಕ್ಕರ್ ಬರುತ್ತವೆ, ಪ್ಲಾಸ್ಟಿಕ್ ಉಗುರನ್ನು ಅವುಗಳ ಮೇಲೆ ಕೂರಿಸಬಹುದು. ಪಾತ್ರೆ ತೊಳೆದರೆ ಬೀಳುತ್ತವೆ ನಿಜ, ಆದರೆ ಸೀಮಂತದ ದಿನ ಪಾತ್ರೆ ತೊಳೆಯುವುದು ಅವಳ ಪಾಲಿಗೆ ಬರಲಿಲ್ಲ. ರಾತ್ರಿ ಬೆಚ್ಚಗಿನ ಸೋಪು ನೀರಲ್ಲಿ ಹತ್ತು ನಿಮಿಷ ಕೈ ಇಟ್ಟು, ಅಂಚಿಗೆ ಎಣ್ಣೆ ಬಿಟ್ಟು, ಪಕ್ಕದಿಂದ ಮೆಲ್ಲಗೆ ಹೊರಳಿಸಿದಾಗ ಹತ್ತೂ ಬಂದವು. ಮರುದಿನ ಬೆಳಿಗ್ಗೆ ಕೆಲಸಕ್ಕೆ ಕೂತಳು.